ಮಳೆಗಾಲ ಮುಗಿದ ಮೇಲೆ ಬರುವ ಚಂಡಮಾರುತ

ಸಾಂತಾಕ್ರೂಝ್ ಹವಾಮಾನ ಕೇಂದ್ರದ ಲೆಕ್ಕದಂತೆ ಮುಂಬಯಿಯಲ್ಲಿ ಜುಲೈ ತಿಂಗಳೊಂದರಲ್ಲೇ ಸರಾಸರಿ 800 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಡಿಸೆಂಬರಿನ ಸರಾಸರಿ ಇಲ್ಲವೆನ್ನುವಷ್ಟು ಕಡಿಮೆ. ಜುಲೈಯಲ್ಲಿ ಒಂದು ದಿನಕ್ಕೆ 70 ಮಿಲಿಮೀಟರ್ ಸುರಿದರೆ ಈ ಊರಿನವರು ಅದನ್ನು ದೊಡ್ಡ ಮಳೆಯೆಂದು ಎಣಿಸುವುದಿಲ್ಲ, ಒದ್ದೆ ಕೊಡೆಯನ್ನು ಚೀಲಕ್ಕೆ ತುರುಕಿ ಲೋಕಲ್ ಹತ್ತುತ್ತಾರೆ. ಅಷ್ಟೇ ಮಳೆಯನ್ನು ತರಬಹುದಾದ ಚಂಡಮಾರುತವೊಂದು ನವೆಂಬರಿನಲ್ಲೋ ಡಿಸೆಂಬರಿನಲ್ಲೋ ಕರಾವಳಿಯತ್ತ ಹೊರಟಿದೆಯೆಂದು ಸುದ್ದಿಯಾದರೆ ಮಾತ್ರ ಶಾಲೆಗಳಿಗೆ ರಜೆ ಸಿಗುತ್ತದೆ, ಗೇಟ್‌ವೇಯಿಂದ ಕೊಲ್ಲಿಯ ಆಚೆ ದಡದ ಮಾಂಡವಾಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ, ಊರಿಗೆ ಹೊರಟವರ ಮನೆಗಳಲ್ಲಿ ಫೋನಿನ ಮೇಲೆ ಫೋನು ಬರುತ್ತದೆ. 2017ರ ಡಿಸೆಂಬರ್ 5ರಂದು ಓಖಿ ಚಂಡಮಾರುತದ ಮುನ್ನೆಚ್ಚರಿಕೆಯಾಗಿ ಮುಂಬಯಿ, ಠಾಣೆ, ರಾಯಗಡ, ಪಾಲ್ಘರ್, ಸಿಂಧುದುರ್ಗ ಭಾಗದ ಶಾಲೆಗಳನ್ನು ಮುಚ್ಚಿದಾಗ ನಮ್ಮ ಕಚೇರಿಯಲ್ಲಿ ನಕ್ಕವರೇ ಹೆಚ್ಚು. ಜುಲೈಯ ಒಂದು ಮಧ್ಯಾಹ್ನಕ್ಕೂ ಸಾಟಿಯಲ್ಲದ ಮಳೆಗೆ ಇಷ್ಟೊಂದು ಗದ್ದಲವೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಪ್ರಶ್ನೆ ಸಹಜವಾದದ್ದೇ. ಆದರೆ ಮುಂಬಯಿಯಿಂದ ಕರ್ನಾಟಕದ ಕರಾವಳಿಗೋ ಬೆಳಗಾವಿ ಕಡೆಗೋ ವರ್ಷವರ್ಷವೂ ಓಡಾಡುವ ನನ್ನಂಥವನಿಗೆ ಅದರ ಉತ್ತರ ಮಳೆಮಾಪಕದಲ್ಲಿ ಕಾಣುವುದಿಲ್ಲ. ಚಳಿಗಾಲದ ಚಂಡಮಾರುತ ತರುವ ನೀರು ಕಡಿಮೆಯಿರಬಹುದು. ಅದು ಬರುವ ಹೊತ್ತಿಗೆ ಮಳೆಗಾಲಕ್ಕೆಂದು ರೈಲಿನವರು, ರಸ್ತೆಯವರು, ನಗರಪಾಲಿಕೆಯವರು, ಮೀನುಗಾರರು, ಕೊನೆಗೆ ನಾವು ಪ್ರಯಾಣಿಕರು ಮಾಡಿಕೊಂಡಿದ್ದ ಏರ್ಪಾಡುಗಳೆಲ್ಲ ಅಟ್ಟ ಸೇರಿರುತ್ತವೆ. ನಮ್ಮ ಕಡೆಯ ಎಚ್ಚರವೆಲ್ಲ ಪಂಚಾಂಗಕ್ಕೆ ಕಟ್ಟಿಕೊಂಡದ್ದು, ಗಾಳಿಗೆ ಆ ಪಂಚಾಂಗ ಗೊತ್ತಿಲ್ಲ. ಅಪಾಯವಿರುವುದು ಈ ಎರಡರ ನಡುವಿನ ಅಂತರದಲ್ಲಿ.

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳಿಗೆ ಎರಡು ಕಾಲಗಳಿವೆ: ಮುಂಗಾರು ಕಾಲಿಡುವ ಮೊದಲಿನ ಮೇ–ಜೂನ್, ಮುಂಗಾರು ಹಿಂದೆ ಸರಿದ ಮೇಲಿನ ಅಕ್ಟೋಬರ್–ಡಿಸೆಂಬರ್. ನಡುವಿನ ತಿಂಗಳುಗಳಲ್ಲಿ ಸಮುದ್ರ ಬೆಚ್ಚಗಿದ್ದರೂ ಕೆಳಗೆ ನೈಋತ್ಯದ ಗಾಳಿ, ಎತ್ತರದಲ್ಲಿ ಪೂರ್ವದ ಗಾಳಿ ಬಲವಾಗಿ ಬೀಸುವುದರಿಂದ ಮೋಡಗಳ ಗೋಪುರ ನೆಟ್ಟಗೆ ಎದ್ದು ನಿಲ್ಲುವುದಕ್ಕೆ ಅವಕಾಶವಾಗುವುದಿಲ್ಲ. ಮುಂಗಾರು ಹೋದ ಮೇಲೆ ಈ ಎಳೆದಾಟ ಸಡಿಲವಾಗುತ್ತದೆ, ಮೋಡ ಸರಿದು ಬಿಸಿಲು ಬಿದ್ದು ಸಮುದ್ರ ಮತ್ತೊಮ್ಮೆ ಕಾಯುತ್ತದೆ. ಲಕ್ಷದ್ವೀಪದ ಆಸುಪಾಸಿನಲ್ಲೋ, ಬಂಗಾಳ ಕೊಲ್ಲಿಯಿಂದ ದಕ್ಷಿಣದ ತುದಿಯನ್ನು ಬಳಸಿ ಬಂದೋ, ಒಂದು ವಾಯುಭಾರ ಕುಸಿತ ಇಲ್ಲಿ ಜೀವ ಹಿಡಿಯುತ್ತದೆ. ಅದರ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ. ಮುಂದೆ ಅದು ಓಮಾನಿನತ್ತ ಹೋಗಬಹುದು, ಗುಜರಾತಿನತ್ತ ತಿರುಗಬಹುದು, ಅಪರೂಪಕ್ಕೊಮ್ಮೆ ಕೊಂಕಣಕ್ಕೇ ಬರಬಹುದು. 2009ರ ನವೆಂಬರ್ 11ರಂದು ಫಯಾನ್ ಹಾಗೆಯೇ ಬಂದು ಅಲಿಬಾಗ್ ಮತ್ತು ಮುಂಬಯಿಯ ನಡುವೆ ದಡ ದಾಟಿತು. ಗಾತ್ರದಲ್ಲಿ ಅದೇನೂ ಮಹಾಮಾರುತವಲ್ಲ. ಆದರೂ ಕೊಂಕಣದ ಹಲವು ಮೀನುಗಾರರು ಅಂದು ಸಮುದ್ರದಿಂದ ಹಿಂದಿರುಗಲಿಲ್ಲ; ಮೀನುಗಾರಿಕೆ ನಿಷೇಧವಿರುವುದು ಜೂನ್–ಜುಲೈ ತಿಂಗಳಿಗೆ, ನವೆಂಬರೆಂದರೆ ಆಳ ಸಮುದ್ರದ ಬೇಟೆ ಭರದಿಂದ ನಡೆಯುವ ಕಾಲ.

ಓಖಿ ಇನ್ನೊಂದು ಬಗೆಯದು. 2017ರ ನವೆಂಬರ್ ಕೊನೆಯಲ್ಲಿ ಶ್ರೀಲಂಕೆಯ ಬಳಿ ಹುಟ್ಟಿ, ಕನ್ಯಾಕುಮಾರಿಯ ಕೆಳಗೆ ಸಾಗಿ, ಲಕ್ಷದ್ವೀಪವನ್ನು ಹೊಡೆದು, ಗಂಟೆಗೆ 150 ಕಿಲೋಮೀಟರ್ ಆಸುಪಾಸಿನ ಗಾಳಿಯೊಂದಿಗೆ ಉತ್ತರಕ್ಕೆ ತಿರುಗಿದ ಅದು ಡಿಸೆಂಬರ್ 6ರ ಮುಂಜಾನೆ ದಕ್ಷಿಣ ಗುಜರಾತಿನ ದಡ ಸೇರುವ ಹೊತ್ತಿಗೆ ಚಂಡಮಾರುತವೆಂಬ ಹೆಸರಿಗೂ ತಕ್ಕದ್ದಾಗಿ ಉಳಿದಿರಲಿಲ್ಲ. ಡಿಸೆಂಬರಿನಲ್ಲಿ ಮುಂಬಯಿಯ ಅಕ್ಷಾಂಶಕ್ಕೆ ಬರುವ ಚಂಡಮಾರುತಗಳ ಪಾಡು ಸಾಮಾನ್ಯವಾಗಿ ಇದೇ: ಉತ್ತರದ ಒಣಹವೆ, ತಂಪಾದ ನೀರು, ಎತ್ತರದಲ್ಲಿ ಬೀಸುವ ಪಡುವಣದ ಗಾಳಿ ಮೂರೂ ಸೇರಿ ಅದರ ಸೊಂಟ ಮುರಿಯುತ್ತವೆ. ಪತ್ರಿಕೆಗಳು ‘ದುರ್ಬಲಗೊಂಡ ಚಂಡಮಾರುತ’ ಎಂದು ಬರೆಯುತ್ತವೆ, ಓದಿದವರು ನಿಟ್ಟುಸಿರುಬಿಟ್ಟು ಟಿಕೆಟ್ ಕಾಯ್ದಿರಿಸುತ್ತಾರೆ. ಕಡಿಮೆಯಾದದ್ದು ಗಾಳಿಯ ವೇಗ; ಅದು ಹೊತ್ತು ತಂದ ತೇವ ಎಲ್ಲಿಗೂ ಹೋಗಿರುವುದಿಲ್ಲ. ಆ ತೇವವನ್ನು ಸಹ್ಯಾದ್ರಿ ತಡೆದು ಇಳಿಸಿಕೊಳ್ಳುತ್ತದೆ, ಮತ್ತು ನಮ್ಮ ದಾರಿಗಳೆಲ್ಲ ಸಹ್ಯಾದ್ರಿಯ ಮೇಲೆ ಅಥವಾ ಅದರ ಬುಡದಲ್ಲಿಯೇ ಹಾದುಹೋಗುತ್ತವೆ.

ಪ್ರಯಾಣವೆಂದರೆ ಈ ತಿಂಗಳುಗಳಲ್ಲಿ ಅದು ಸಣ್ಣ ಮಾತಲ್ಲ. ಜುಲೈಯಲ್ಲಿ ಮುಂಬಯಿಯ ಕನ್ನಡಿಗ ಸಾವು–ನೋವಿಲ್ಲದೆ ಊರಿನ ದಾರಿ ಹಿಡಿಯುವುದು ಕಡಿಮೆ. ದೀಪಾವಳಿಯಿಂದ ಶುರುವಾಗಿ ಧರ್ಮಸ್ಥಳದ ಲಕ್ಷದೀಪ, ಸುಬ್ರಹ್ಮಣ್ಯದ ಚಂಪಾಷಷ್ಠಿ, ಮನೆತನದ ನೇಮ–ಕೋಲ, ಕಂಬಳ, ಯಕ್ಷಗಾನದ ಆಟದ ಮೇಳಗಳ ತಿರುಗಾಟ, ತುಳಸಿ ಪೂಜೆ ಕಳೆದೊಡನೆ ತೆರೆದುಕೊಳ್ಳುವ ಮದುವೆಯ ಮುಹೂರ್ತಗಳು, ಎಲ್ಲವೂ ಇದೇ ಅವಧಿಗೆ ಬೀಳುತ್ತವೆ. ಶಬರಿಮಲೆಗೆ ಮಾಲೆ ಹಾಕಿಕೊಂಡವರ ಗಾಡಿಗಳು ಕೊಂಕಣದ ಹೆದ್ದಾರಿಯಲ್ಲಿ ಸಾಲುಗಟ್ಟುತ್ತವೆ, ಡಿಸೆಂಬರ್ ಕೊನೆಯ ರಜೆಗೆ ಗೋವೆಗೆ ಹೊರಟವರದ್ದು ಇನ್ನೊಂದು ಸಾಲು. 2019ರಲ್ಲಿ ಕ್ಯಾರ್ ಚಂಡಮಾರುತ ರತ್ನಾಗಿರಿಯ ಎದುರಿನ ಸಮುದ್ರದಲ್ಲಿ ಬೆಳೆದದ್ದು ದೀಪಾವಳಿಯ ವಾರದಲ್ಲೇ. ಅಕ್ಟೋಬರ್ 27ರಂದು, ಮನೆಮನೆಯಲ್ಲಿ ಲಕ್ಷ್ಮೀಪೂಜೆ ನಡೆಯುತ್ತಿದ್ದ ದಿನ, ಅದು ಸೂಪರ್ ಸೈಕ್ಲೋನ್ ಎಂಬ ಅತ್ಯುಚ್ಚ ದರ್ಜೆಗೇರಿತ್ತು. 2007ರ ಗೋನುವಿನ ನಂತರ ಅರಬ್ಬಿ ಸಮುದ್ರ ಅಂಥದ್ದನ್ನು ಕಂಡಿರಲಿಲ್ಲ. ನಮ್ಮ ದಡವನ್ನು ಅದು ಮುಟ್ಟಲೇ ಇಲ್ಲ, ಪಶ್ಚಿಮಕ್ಕೆ ಸರಿದುಹೋಯಿತು. ಆದರೆ ಹುಟ್ಟುವ ಹೊತ್ತಿನಲ್ಲೇ ಕೊಂಕಣಕ್ಕೂ ಗೋವೆಗೂ ಮಳೆ ಸುರಿಸಿ, ಹಬ್ಬಕ್ಕೆ ಊರಿಗೆ ಹೊರಟವರನ್ನು ದಾರಿಯಲ್ಲೇ ಹಿಡಿಯಿತು.

ಮೊದಲು ರೈಲಿನ ಮಾತು. ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ 741 ಕಿಲೋಮೀಟರ್ ಹರಡಿಕೊಂಡು 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆ ಮಳೆಯನ್ನು ಕಷ್ಟಪಟ್ಟು ಕಲಿತ ಸಂಸ್ಥೆ. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಬಳಿ ಗುಡ್ಡ ಜರಿದು ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರೈಲು ಹಳಿ ತಪ್ಪಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಜೂನ್ 16ರಂದು ಮಹಾಡ್ ಬಳಿಯ ಕರಂಜಾಡಿಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಳಿಯ ಮೇಲೆ ಬಿದ್ದ ಬಂಡೆಗೆ ಬಡಿಯಿತು. ಉಡುಪಿ, ಮಂಗಳೂರು ಮೂಲದ ಮುಂಬಯಿಗರಲ್ಲಿ ಆ ಎರಡು ಮಳೆಗಾಲಗಳನ್ನು ಮರೆತವರಿಲ್ಲ. ಆಮೇಲೆ ಗುಡ್ಡಗಳ ಕಡಿದಾದ ಮೈಯನ್ನು ಓರೆ ಮಾಡಿದರು, ಬಂಡೆ ಉರುಳದಂತೆ ಉಕ್ಕಿನ ಬಲೆ ಹೊದಿಸಿದರು, ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ತಂದು ವೇಗ ತಗ್ಗಿಸಿದರು. ಗುಡ್ಡ ಕಡಿದ ಜಾಗಗಳಲ್ಲಿ ಹಗಲಿರುಳು ಕಾವಲುಗಾರರು ನಿಲ್ಲುತ್ತಾರೆ, ಹಳಿಗುಂಟ ಗಸ್ತು ನಡೆಯುತ್ತದೆ, ಮಳೆ ಜೋರಾಗಿ ಮುಂದಿನದು ಕಾಣದಾದರೆ ಗಂಟೆಗೆ 40 ಕಿಲೋಮೀಟರಿಗೆ ಇಳಿಯಬೇಕೆಂದು ಚಾಲಕರಿಗೆ ಸೂಚನೆಯಿರುತ್ತದೆ. ಮಳೆಗಾಲದ ಪಟ್ಟಿಯಲ್ಲಿ ರೈಲು ತಡವಾಗಿ ಊರು ಮುಟ್ಟುತ್ತದೆಂದು ಗೊಣಗುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಈ ವೇಳಾಪಟ್ಟಿ ಹಲವು ವರ್ಷ ಜೂನ್ 10ರಿಂದ ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತಿತ್ತು. 2025ರಲ್ಲಿ ಅದನ್ನು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಎಂದು ಮೊಟಕುಗೊಳಿಸಲಾಯಿತು. ಹಳಿಗಳ ಸುರಕ್ಷತಾ ಕಾಮಗಾರಿ ಸಾಕಷ್ಟು ಮುಂದುವರಿದಿರುವುದರಿಂದ ಆ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ, ಪ್ರಯಾಣಿಕರಿಗೆ ಉಳಿಯುವ ಗಂಟೆಗಳ ಬೆಲೆಯೂ ನನಗೆ ಗೊತ್ತು. ಆದರೆ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕ್ಯಾರ್ ಕೊಂಕಣದ ಎದುರಿಗಿದ್ದದ್ದು ಅಕ್ಟೋಬರಿನ ಕೊನೆಯ ವಾರದಲ್ಲಿ: ಹಳೆಯ ಪಟ್ಟಿಯ ಪ್ರಕಾರ ಮಳೆಗಾಲದ ಒಳಗೆ, ಹೊಸ ಪಟ್ಟಿಯ ಪ್ರಕಾರ ಹೊರಗೆ. ಫಯಾನಿನ ನವೆಂಬರ್ 11, ಓಖಿಯ ಡಿಸೆಂಬರ್ 5 ಎರಡೂ ಯಾವ ಪಟ್ಟಿಗೂ ಸೇರುವುದಿಲ್ಲ. ಮಳೆಗಾಲದ ವೇಗಮಿತಿಯನ್ನು ತಾರೀಖಿಗೆ ಕಟ್ಟುವುದರ ಜೊತೆಗೆ ಹವಾಮಾನ ಇಲಾಖೆಯ ಬಣ್ಣಕ್ಕೂ ಕಟ್ಟಬೇಕೆಂಬುದು, ಅಂದರೆ ರತ್ನಾಗಿರಿಗೋ ಸಿಂಧುದುರ್ಗಕ್ಕೋ ಆರೆಂಜ್ ಅಲರ್ಟ್ ಬಂದರೆ ಆ ಜಿಲ್ಲೆಯಲ್ಲಿ ತಿಂಗಳು ಯಾವುದೇ ಇದ್ದರೂ ಅಂದಿಗೆ ಮಳೆಗಾಲವೇ ಎಂದು ತಿಳಿದು ನಡೆಯಬೇಕೆಂಬುದು ನನ್ನ ಆಸೆ. ಗಾಳಿಯ ವಿಷಯದಲ್ಲಿ ಈ ಮಾರ್ಗದಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ರತ್ನಾಗಿರಿ–ನಿವಸರ್ ನಡುವಿನ ಎತ್ತರದ ಪಾನವಲ್ ಸೇತುವೆ, ಗೋವೆಯ ಮಾಂಡವಿ ಮತ್ತು ಜುವಾರಿ ಸೇತುವೆಗಳು, ಹೊನ್ನಾವರದ ಬಳಿ 2 ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆ, ಈ ನಾಲ್ಕೂ ಕಡೆ ಗಾಳಿಯ ವೇಗ ಅಳೆಯುವ ಸಾಧನ ಕೂರಿಸಿದ್ದಾರೆ. ಆ ಸಾಧನ ಅಳೆಯುವುದು ಗಾಳಿಯನ್ನೇ ಹೊರತು ತಾರೀಖನ್ನಲ್ಲ. ಇಷ್ಟೆಲ್ಲ ಹೇಳಿದ ಮೇಲೂ, ಚಂಡಮಾರುತದ ದಿನ ಊರಿಗೆ ಹೋಗಲೇಬೇಕಾದರೆ ನಾನು ಆರಿಸಿಕೊಳ್ಳುವುದು ರೈಲನ್ನೇ.

ರಸ್ತೆಯ ಕಥೆ ಬೇರೆ. ಮಳೆಗಾಲದಲ್ಲಿ ರಸ್ತೆಯ ಮೈ ತೊಳೆದು ಶುಭ್ರವಾಗಿರುತ್ತದೆ. ಅಕ್ಟೋಬರಿನಿಂದ ಅದರ ಮೇಲೆ ಇಂಜಿನ್ನಿನ ಎಣ್ಣೆ, ಟೈರಿನ ಸವೆತ, ಧೂಳು ಪದರಗಟ್ಟುತ್ತವೆ. ವಾರಗಳ ಒಣಹವೆಯ ಮೇಲೆ ಬೀಳುವ ಮೊದಲ ಹನಿಗಳು ಇವನ್ನೆಲ್ಲ ಕಲಸುತ್ತವೆಯೇ ಹೊರತು ತೊಳೆಯುವುದಿಲ್ಲ. ಅಕಾಲಿಕ ಮಳೆಯ ಮೊದಲ ಅರ್ಧ ಗಂಟೆ ಬ್ರೇಕಿಗೆ ಕೆಟ್ಟದ್ದೆಂದು ದೂರದ ಬಸ್ಸಿನ ಚಾಲಕರೆಲ್ಲ ಬಲ್ಲರು. ಕಾಮಗಾರಿಯ ಕಾಟ ಇನ್ನೊಂದು. ಮುಂಬಯಿಯಲ್ಲಿ ಮಳೆಗಾಲ ಮುಗಿಯುವವರೆಗೆ ರಸ್ತೆ ಅಗೆಯುವುದಕ್ಕೆ ತಡೆಯಿರುತ್ತದೆ, ಅಕ್ಟೋಬರಿನಲ್ಲಿ ಅದು ತೆರವಾದೊಡನೆ ಕಾಂಕ್ರೀಟ್ ಹಾಕುವುದಕ್ಕೆಂದು ಗಲ್ಲಿಗಲ್ಲಿಯನ್ನೂ ಬಗೆಯುತ್ತಾರೆ. ಹೀಗಾಗಿ ನವೆಂಬರಿನ ಮಳೆಗೆ ಸಿಗುವುದು ಜುಲೈಯ ರಸ್ತೆಯಲ್ಲ, ಅರ್ಧ ಅಗೆದು ಬಿಟ್ಟ ರಸ್ತೆ; ಮನೆಯಿಂದ ಕುರ್ಲಾ ಟರ್ಮಿನಸ್ಸಿನವರೆಗೆ ಸಾಮಾನು ಹೊತ್ತು ಮುಟ್ಟುವುದೇ ಪ್ರಯಾಣದ ಕಠಿಣ ಭಾಗವಾದ ಉದಾಹರಣೆಗಳನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಹೆದ್ದಾರಿಗಳಲ್ಲೂ ಕೆಲಸದ ಹಂಗಾಮು ಇದೇ. 2011ರಲ್ಲಿ ಆರಂಭವಾಗಿ ಹತ್ತು ವರ್ಷ ಕಳೆದರೂ ಮುಗಿಯದೆ ಎಳೆದಾಡಿದ ಮುಂಬಯಿ–ಗೋವಾ ಹೆದ್ದಾರಿಯ ಅಗಲೀಕರಣವನ್ನು ಕಂಡವರಿಗೆ ಡೈವರ್ಷನ್ ಫಲಕ, ರಸ್ತೆಯ ಅಂಚಿಗೆ ಸುರಿದ ಕೆಂಪು ಮಣ್ಣು, ಚಿಪ್ಳೂಣದ ಬಳಿಯ ಪರಶುರಾಮ ಘಾಟಿಯ ಕಡಿದ ಗುಡ್ಡ, ಯಾವುದನ್ನೂ ವಿವರಿಸಬೇಕಾಗಿಲ್ಲ. ಆ ಕೆಂಪು ಮಣ್ಣು ಒಂದು ಸಂಜೆಯ ಮಳೆಗೆ ಡಾಂಬರಿನ ಮೇಲೆ ಹರಿದು ಬಂದು ನಿಲ್ಲುತ್ತದೆ.

ಆದರೆ ಚಳಿಗಾಲದ ಗಾಳಿಮಳೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಘಾಟಿಯಲ್ಲ, ಸಾತಾರಾ ದಾಟಿದ ಮೇಲಿನ ಬಯಲು. ಅಲ್ಲಿಂದ ಕರಾಡ, ಕೊಲ್ಹಾಪುರ, ಕಾಗಲ್, ನಿಪ್ಪಾಣಿ, ಸಂಕೇಶ್ವರದವರೆಗೆ ಕಬ್ಬಿನ ಸೀಮೆ. ಸಕ್ಕರೆ ಕಾರ್ಖಾನೆಗಳು ನುರಿಸುವುದಕ್ಕೆ ಆರಂಭಿಸುವುದು ನವೆಂಬರಿನಲ್ಲಿ. ಅಂದಿನಿಂದ ಹೋಳಿಯವರೆಗೆ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲಿರುಳೂ ರಸ್ತೆಯಲ್ಲಿರುತ್ತವೆ. ಕಬ್ಬು ಟ್ರಾಲಿಯ ಎರಡೂ ಬದಿಗೆ ಚಾಚಿಕೊಂಡಿರುತ್ತದೆ, ಹಿಂದಿನ ದೀಪವಿದ್ದರೂ ಸೋಗೆಯ ಮರೆಯಲ್ಲಿ ಕಾಣುವುದಿಲ್ಲ, ಪ್ರತಿಫಲಕದ ಪಟ್ಟಿಗೆ ಕೆಸರು ಮೆತ್ತಿರುತ್ತದೆ. ಒಣ ರಾತ್ರಿಯಲ್ಲೇ ಇವುಗಳ ಹಿಂಬದಿಗೆ ಗುದ್ದಿದ ಕಾರುಗಳ ಸುದ್ದಿ ಕಬ್ಬಿನ ಹಂಗಾಮಿಡೀ ಬರುತ್ತಿರುತ್ತದೆ. ಮಳೆ ಬಂದರೆ ಹೊಲದಿಂದ ಏರಿ ಬರುವ ಗಾಲಿಗಳು ಕಪ್ಪು ಎರೆಮಣ್ಣನ್ನು ಹೆದ್ದಾರಿಯ ಮೇಲೆ ಹಚ್ಚುತ್ತಾ ಹೋಗುತ್ತವೆ. ಮಳೆಗಾಲದಲ್ಲಿ ಕಟಾವೇ ಇಲ್ಲದ್ದರಿಂದ ಜುಲೈ ಪ್ರಯಾಣಿಕನಿಗೆ ಈ ಅಪಾಯದ ಪರಿಚಯವೇ ಇರುವುದಿಲ್ಲ. ಸಾತಾರಾ–ಕಾಗಲ್ ನಡುವಿನ ಆರು ಪಥದ ಕಾಮಗಾರಿ ತೊಡಗಿದ ಮೇಲಂತೂ ರಸ್ತೆ ಯಾವ ತಿರುವಿನಲ್ಲಿ ಎತ್ತ ಹೊರಳುತ್ತದೆಂದು ಊಹಿಸುವುದೇ ಕಷ್ಟವಾಯಿತು.

2021ರ ಡಿಸೆಂಬರ್ ಮೊದಲೆರಡು ದಿನ ಮುಂಬಯಿ, ಪುಣೆ, ಸಾತಾರಾ ಸೀಮೆಯಲ್ಲೆಲ್ಲ ಅಕಾಲಿಕ ಮಳೆ ಸುರಿದಾಗ ನಾನು ಬೆಳಗಾವಿಯ ರಾತ್ರಿ ಬಸ್ಸಿನಲ್ಲಿದ್ದೆ. ಅದಕ್ಕೆ ಚಂಡಮಾರುತದ ಹೆಸರೂ ಇರಲಿಲ್ಲ. ಅರಬ್ಬಿ ಸಮುದ್ರದ ಮೇಲಿನ ಸುಳಿಗಾಳಿಯೂ ಚಳಿಗಾಲದಲ್ಲಿ ಪಡುವಣದಿಂದ ಉತ್ತರ ಭಾರತಕ್ಕೆ ಮಳೆ ತರುವ ‘ಪಶ್ಚಿಮಿ ಪ್ರಕ್ಷುಬ್ಧತೆ’ಯೂ ಕೂಡಿಕೊಂಡು ತಂದ ಮಳೆ ಅದು. ಪುಣೆಯಿಂದ ಹೋಗುವಾಗ ಖಂಬಾಟಕಿಯನ್ನು ಆಗ ಘಾಟಿಯ ರಸ್ತೆಯಿಂದಲೇ ಹತ್ತಬೇಕಿತ್ತು, ಸುರಂಗವಿದ್ದದ್ದು ಪುಣೆಯತ್ತ ಬರುವವರಿಗೆ. ಘಾಟಿಯನ್ನು ನಮ್ಮ ಚಾಲಕರು ನಿಧಾನವಾಗಿ, ಆದರೆ ನಿಲ್ಲದೆ ಹತ್ತಿ ಇಳಿಸಿದರು. ಕರಾಡದ ಸಮೀಪ, ನೆಟ್ಟಗಿನ ರಸ್ತೆಯಲ್ಲಿ, ಒಂದು ಢಾಬಾದ ಮುಂದೆ ಬಸ್ಸು ನಿಲ್ಲಿಸಿಬಿಟ್ಟರು. ಹಿಂದಿನ ಸೀಟಿನ ಒಬ್ಬರು ಬೆಳಗಿನ ಕೋರ್ಟಿನ ಕೆಲಸದ ಮಾತೆತ್ತಿ ಅವಸರಿಸಿದಾಗ, ಚಿಕ್ಕೋಡಿ ಕಡೆಯ ಆ ಚಾಲಕರು ಹೇಳಿದ ಮಾತು ಇಷ್ಟು: “ಸಾಹೇಬ್ರ, ಘಾಟ್ ಕಣ್ಣಿಗಿ ಕಾಣತೈತ್ರಿ. ಈ ಕಬ್ಬಿನ ಗಾಡಿ ಕಾಣೂದಿಲ್ಲ. ಮಳಿ ಸ್ವಲ್ಪ ತಗ್ಗಲಿ, ಅಷ್ಟರಾಗ ಒಂದೊಂದು ಚಾ ಕುಡೀರಿ.” ಮಳೆ ತಗ್ಗಿದ್ದು ಬೆಳಗಿನ ಜಾವದ ಹೊತ್ತಿಗೆ. ಅದೇ ಮಳೆಗೆ, ಅದರೊಡನೆ ಬಂದ ಚಳಿಗೆ ಪುಣೆ, ಅಹಮದ್‌ನಗರ ಜಿಲ್ಲೆಗಳಲ್ಲಿ ಬಯಲಿನಲ್ಲಿ ಬಿಡಾರ ಹೂಡಿದ್ದ ಕುರಿಗಾಹಿಗಳ ಕುರಿಗಳು ಮಂದೆಮಂದೆಯಾಗಿ ಸತ್ತವೆಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆ. ಚಳಿಗಾಲದಲ್ಲಿ ದಾರಿಯ ಮೇಲಿರುವವರ ಪಟ್ಟಿಯಲ್ಲಿ ಅವರನ್ನೂ, ಕಾರ್ಖಾನೆಗಳ ಸುತ್ತ ಸೋಗೆಯ ಗುಡಿಸಲಿನಲ್ಲಿರುವ ಕಬ್ಬು ಕಡಿಯುವವರನ್ನೂ ನಾವು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅವರಿಗೆ ಬಸ್ಸು ನಿಲ್ಲಿಸುವ ಢಾಬಾ ಇಲ್ಲ.

2017ರಲ್ಲಿ ಓಖಿಗೆ ಸಿಕ್ಕಿಕೊಂಡ ಪ್ರಯಾಣಿಕರಲ್ಲಿ ದೊಡ್ಡ ಗುಂಪು ಯಾವುದೆಂದರೆ ಡಿಸೆಂಬರ್ 6ರ ಮಹಾಪರಿನಿರ್ವಾಣ ದಿನಕ್ಕೆಂದು ದಾದರಿನ ಚೈತ್ಯಭೂಮಿಗೆ ಬಂದವರದ್ದು. ಮಹಾರಾಷ್ಟ್ರದ ಮೂಲೆಮೂಲೆಗಳಿಂದ, ಕಲಬುರಗಿ, ಬೀದರ್ ಕಡೆಯಿಂದಲೂ ಬರುವ ಈ ಜನ ಶಿವಾಜಿ ಪಾರ್ಕಿನ ಬಯಲಿನಲ್ಲಿ ಉಳಿಯುತ್ತಾರೆ. ಐದನೆಯ ತಾರೀಖಿನ ಮಳೆಗೆ ಆ ಬಯಲು ಕೆಸರಾಯಿತು. ನಗರಪಾಲಿಕೆ ತನ್ನ ಶಾಲೆಗಳನ್ನು ತೆರೆದು ಅವರಿಗೆ ನೆಲೆ ಕೊಟ್ಟಿತು. ಶಾಲೆಗೆ ರಜೆ ಕೊಟ್ಟದ್ದನ್ನು ಹಾಸ್ಯ ಮಾಡುತ್ತಿದ್ದ ನನ್ನ ಸಹೋದ್ಯೋಗಿಗಳಿಗೆ, ಆ ರಜೆಯಿಂದಲೇ ಖಾಲಿಯಾದ ಕೋಣೆಗಳು ಅಂದು ಯಾರಿಗೆ ಸೂರಾದವೆಂಬುದು ಗೊತ್ತಿರಲಿಲ್ಲ.

ಸಮುದ್ರದ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅಲ್ಲಿ ಶಿಸ್ತು ಇದೆ. ಬಂದರಿನಲ್ಲಿ ಮೂರನೆಯ ನಂಬರಿನ ಸಂಕೇತ ಏರಿತೆಂದರೆ ಆ ಬಂದರಿಗೇ ಬಿರುಗಾಳಿಯ ಭಯವಿದೆಯೆಂದು ಅರ್ಥ, ಸಣ್ಣ ದೋಣಿಗಳು ಹೊರಡುವುದಿಲ್ಲ. ಮಳೆಗಾಲದಲ್ಲಿ ಮುಚ್ಚಿದ್ದು ಸೆಪ್ಟೆಂಬರಿನಿಂದ ಮತ್ತೆ ಓಡುವ ಮಾಂಡವಾ ದೋಣಿಗಳೂ ನಿಲ್ಲುತ್ತವೆ. ಓಖಿಯ ದಿನಗಳಲ್ಲಿ ಕೇರಳ, ತಮಿಳುನಾಡಿನ ಹತ್ತಾರು ಮೀನುಗಾರಿಕೆ ದೋಣಿಗಳು ನೂರಾರು ಜನರೊಂದಿಗೆ ಸಿಂಧುದುರ್ಗದ ದೇವಗಡ ಬಂದರಿಗೆ ಬಂದು ಸೇರಿದ್ದು ಹೀಗೆ ಎಲ್ಲಿ ಸಿಕ್ಕಿತೋ ಅಲ್ಲಿ ಆಶ್ರಯ ಹುಡುಕಿದ್ದರಿಂದ. ಗೋವೆಯಲ್ಲಾದದ್ದು ಮಾತ್ರ ವಿಚಿತ್ರ. ಡಿಸೆಂಬರ್ 3ರಂದು ಚಂಡಮಾರುತ ನೂರಾರು ಕಿಲೋಮೀಟರ್ ಆಚೆಗಿತ್ತು, ಗೋವೆಯ ದಡಕ್ಕೆ ಅದು ಬರುವ ಮಾತೇ ಇರಲಿಲ್ಲ. ಅಂದು ಹುಣ್ಣಿಮೆ, ಚಂದ್ರ ಭೂಮಿಗೆ ಹತ್ತಿರವಿದ್ದ ಹುಣ್ಣಿಮೆ. ದೂರದ ಚಂಡಮಾರುತ ಎಬ್ಬಿಸಿದ ಅಲೆಗಳು ಆ ದೊಡ್ಡ ಉಬ್ಬರದ ಮೇಲೇರಿ ಬಂದು, ಪ್ರವಾಸಿಗರಿಗಾಗಿ ಆಗತಾನೇ ಕಟ್ಟಿದ್ದ ಮರಳುದಂಡೆಯ ಹೋಟೆಲುಗಳೊಳಗೆ ನುಗ್ಗಿದವು. ಮಳೆಗಾಲದಲ್ಲಿ ಆ ಗುಡಿಸಲುಗಳು ಅಲ್ಲಿರುವುದೇ ಇಲ್ಲ, ಬಿಚ್ಚಿಟ್ಟಿರುತ್ತಾರೆ. ವಾಸ್ಕೋ, ಮಡಗಾಂವಿನಲ್ಲಿರುವ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಜನರಿಗೆ ಕಡಲಿಗಿಂತ ಅನಮೋಡ ಮತ್ತು ಚೋರ್ಲಾ ಘಾಟಿಗಳ ಚಿಂತೆಯೇ ಹೆಚ್ಚು. ಊರಿಗೆ ಹೋಗುವ ದಾರಿ ಅವೇ, ಮತ್ತು ಕಾಡಿನ ನಡುವಿನ ಆ ಇಕ್ಕಟ್ಟಿನ ತಿರುವುಗಳಲ್ಲಿ ಒಂದು ಮರ ಅಡ್ಡ ಬಿದ್ದರೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಮುನ್ಸೂಚನೆಯನ್ನು ಓದುವ ರೀತಿಯನ್ನೂ ಪ್ರಯಾಣಿಕ ಬೇರೆಯಾಗಿ ಕಲಿಯಬೇಕಾಗುತ್ತದೆ. ಹವಾಮಾನ ಇಲಾಖೆ ಚಂಡಮಾರುತದ ಮೊದಲ ಮುನ್ನೋಟವನ್ನು ಸುಮಾರು 72 ಗಂಟೆ ಮುಂಚೆ, ಎಚ್ಚರಿಕೆಗಳನ್ನು 48 ಮತ್ತು 24 ಗಂಟೆ ಮುಂಚೆ ಕೊಡುತ್ತದೆ. ಅದರ ಜೊತೆಗೆ ಬರುವ ನಕ್ಷೆಯಲ್ಲಿ ಎಲ್ಲರೂ ನೋಡುವುದು ನಡುವಿನ ಗೆರೆಯನ್ನು. ಗೆರೆ ನಮ್ಮೂರಿನ ಮೇಲೆ ಹಾಯ್ದಿಲ್ಲವಾದರೆ ಸಮಾಧಾನ. ಗೆರೆಯ ಸುತ್ತ ಅಗಲವಾಗುತ್ತಾ ಹೋಗುವ ಪಟ್ಟಿಯೊಳಗೆ ಅದು ಎಲ್ಲಿ ಬೇಕಾದರೂ ಹೋಗಬಹುದು, ಮಳೆಯಂತೂ ಆ ಪಟ್ಟಿಯ ಆಚೆಗೂ ಬೀಳುತ್ತದೆ. ಬಣ್ಣದ ಎಚ್ಚರಿಕೆಗಳು ಜಿಲ್ಲೆಗೊಂದರಂತೆ, ದಿನಕ್ಕೊಂದರಂತೆ ಬರುತ್ತವೆ. ಮನೆಯಲ್ಲಿ ಕುಳಿತವನಿಗೆ ಒಂದು ಜಿಲ್ಲೆ, ಒಂದು ಬಣ್ಣ ಸಾಕು. ಸಂಜೆ ಮುಂಬಯಿ ಬಿಟ್ಟು ಮರುದಿನ ಕುಂದಾಪುರ ಮುಟ್ಟುವವನು ರಾಯಗಡ, ರತ್ನಾಗಿರಿ, ಸಿಂಧುದುರ್ಗ, ಗೋವೆಯ ಜಿಲ್ಲೆಗಳು, ಉತ್ತರ ಕನ್ನಡ, ಉಡುಪಿಗಳನ್ನು ಒಂದೇ ರಾತ್ರಿಯಲ್ಲಿ ದಾಟುತ್ತಾನೆ. ಅವುಗಳ ಸೂಚನೆ ಮುಂಬಯಿ, ಪಣಜಿ, ಬೆಂಗಳೂರು ಕೇಂದ್ರಗಳಿಂದ ಬೇರೆಬೇರೆಯಾಗಿ ಹೊರಡುತ್ತದೆ. ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿದು 8:30ಕ್ಕೆ ಆರಂಭವಾಗುತ್ತದೆಂಬುದನ್ನೂ ನೆನಪಿಡಬೇಕು. ರಾತ್ರಿ ಎರಡಕ್ಕೆ ಕಣಕವಲಿ ದಾಟುವವನಿಗೆ ಸಲ್ಲುವುದು ಹಿಂದಿನ ದಿನದ ಎಚ್ಚರಿಕೆ. ಆದ್ದರಿಂದ ನಾನೊಂದು ಹಾಳೆಯಲ್ಲಿ ಜಿಲ್ಲೆಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ನಾವು ಅಲ್ಲಿರುವ ಗಂಟೆಯನ್ನೂ ಆ ಗಂಟೆಗೆ ಸಲ್ಲುವ ಬಣ್ಣವನ್ನೂ ಬರೆಯುತ್ತೇನೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ, 115.6 ಮುಟ್ಟಿದರೆ ಅತಿ ಭಾರಿ ಎಂಬ ಇಲಾಖೆಯ ಅಳತೆ ವರ್ಷವಿಡೀ ಒಂದೇ. ನಾನು ಮಾತ್ರ ನವೆಂಬರಿನಿಂದಾಚೆ ಯೆಲ್ಲೋ ಇದ್ದರೂ ಆರೆಂಜ್ ಎಂದೇ ಬರೆದುಕೊಳ್ಳುತ್ತೇನೆ. ಹೆಂಡತಿ ಇದನ್ನು ಜಾತಕ ಬರೆಯುವುದು ಎನ್ನುತ್ತಾಳೆ.

ಕತ್ತಲಿನ ಲೆಕ್ಕವೂ ಇದರಲ್ಲಿ ಬರಬೇಕು. ಜುಲೈ ಆರಂಭದಲ್ಲಿ ಮುಂಬಯಿಯ ಸೂರ್ಯ ಮುಳುಗುವುದು ಏಳೂಕಾಲು ದಾಟಿದ ಮೇಲೆ, ಡಿಸೆಂಬರ್ ಆರಂಭದಲ್ಲಿ ಆರಕ್ಕೇ. ಮಧ್ಯಾಹ್ನ ಹೊರಟವರು ಮಳೆಗಾಲದಲ್ಲಿ ಬೆಳಕಿರುವಾಗಲೇ ದಾಟುವ ಘಾಟಿಯನ್ನು ಚಳಿಗಾಲದಲ್ಲಿ ಕತ್ತಲಲ್ಲಿ ದಾಟುತ್ತಾರೆ. ಚಂಡಮಾರುತ ಹೋದ ಮರುದಿನವೂ ಕೆಲಸ ಮುಗಿದಿರುವುದಿಲ್ಲ. ನೆಲ ತೇವವಾಗಿರುತ್ತದೆ, ಆಕಾಶ ಥಟ್ಟನೆ ತಿಳಿಯಾಗುತ್ತದೆ, ರಾತ್ರಿ ಚಳಿ ಇಳಿಯುತ್ತದೆ. ಮಂಜು ಕವಿಯುವುದಕ್ಕೆ ಇನ್ನೇನೂ ಬೇಡ. ಖಂಡಾಳಾ, ಖಂಬಾಟಕಿ, ಅಂಬೋಲಿ, ಬೆಳಗಾವಿಯ ಸುತ್ತಿನ ಬಯಲು, ಎಲ್ಲೆಡೆ ಮುಂಜಾನೆ ನಾಲ್ಕರಿಂದ ಎಂಟರವರೆಗೆ ಮುಂದಿನ ಲಾರಿ ಕಾಣುವುದಿಲ್ಲ. ಮಳೆ ನಿಂತಿತೆಂದು ರಾತ್ರಿಯೇ ಹೊರಟವರು ಮಂಜಿಗೆ ಸಿಕ್ಕಿಕೊಳ್ಳುವುದು ಹೀಗೆ.

ಇಷ್ಟೆಲ್ಲ ತಿಳಿದಿದ್ದರೂ ಹೊರಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಯಾರು? ಮಳೆಗಾಲದಲ್ಲಿ ಆ ಭಾರ ಅಷ್ಟಾಗಿ ನಮ್ಮ ಮೇಲಿಲ್ಲ. ವರಂಧಾ ಘಾಟಿಯಂಥ ದಾರಿಗಳನ್ನು ಜಿಲ್ಲಾಧಿಕಾರಿಗಳೇ ಮುಚ್ಚಿಸುತ್ತಾರೆ, ರೈಲು ತಾನೇ ನಿಧಾನವಾಗುತ್ತದೆ, ತಡವಾಗಿ ಬಂದವರನ್ನು ಊರಿನಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ಚಳಿಗಾಲದಲ್ಲಿ ಆದೇಶ ಬರುವುದು ತೀರ ಕೊನೆಯ ಗಳಿಗೆಗೆ. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾದರೆ ಪ್ರಯಾಣ ಬಿಟ್ಟು ಪೂರ್ತಿ ಹಣ ಹಿಂದಕ್ಕೆ ಪಡೆಯುವ ನಿಯಮವಿದೆ. ಖಾಸಗಿ ಬಸ್ಸಿನವರಿಗೆ ಆರೆಂಜ್ ಅಲರ್ಟ್ ಎಂಬುದು ಬಸ್ಸು ನಿಲ್ಲಿಸುವ ಕಾರಣವಲ್ಲ, ಬಸ್ಸು ಹೊರಡುತ್ತದೆ, ಹತ್ತುವುದು ಬಿಡುವುದು ನಮಗೆ ಸೇರಿದ್ದು. ಇನ್ನು ಮುಹೂರ್ತವೆಂಬುದು ಜಗ್ಗುವಂಥದ್ದೇ ಅಲ್ಲ. ವಯಸ್ಸಾದವರನ್ನೂ ಎಳೆಯ ಮಕ್ಕಳನ್ನೂ ಕಟ್ಟಿಕೊಂಡು ಮಳೆಯ ರಾತ್ರಿಯಲ್ಲಿ ಹೊರಟವರಲ್ಲಿ ಹೆಚ್ಚಿನವರು ಹೊರಟದ್ದು ಧೈರ್ಯದಿಂದಲ್ಲ, ಅಲ್ಲಿರುವವರು ಏನೆಂದುಕೊಂಡಾರು ಎಂಬ ದಾಕ್ಷಿಣ್ಯದಿಂದ. ಕರೆದವರೇ ಮುಂದಾಗಿ ಬಿಡುಗಡೆ ಕೊಟ್ಟರೆ ಅರ್ಧ ಸಮಸ್ಯೆ ಕಳೆಯುತ್ತದೆಂಬುದು ನಮ್ಮ ಮನೆಯಲ್ಲೇ ಕಂಡದ್ದು. ಅಣ್ಣನ ಮಗಳ ಮದುವೆಯ ವಾರದಲ್ಲಿ ಸಮುದ್ರದಲ್ಲೊಂದು ವಾಯುಭಾರ ಕುಸಿತ ಎದ್ದಾಗ, ಕುಂದಾಪುರದಿಂದ ಅತ್ತಿಗೆಯೇ ಫೋನ್ ಮಾಡಿ, “ಮೆಹೆಂದಿಗೆ ನೀವು ಇಲ್ಲದಿದ್ದರೂ ನಡೀತದೆ, ಆ ರಾತ್ರಿ ಬಸ್ಸಿಗೆ ಮಾತ್ರ ಬರಬೇಡಿ, ಅತ್ತೆಯವರಿಗೆ ನಾನು ಹೇಳ್ತೇನೆ” ಎಂದರು. ನಾವು ಮರುದಿನದ ರೈಲಿಗೆ ತತ್ಕಾಲ್ ಟಿಕೆಟ್ ಮಾಡಿಸಿ ಧಾರೆಯ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಬಸ್ಸಿನ ಹಣ ಮಾತ್ರ ವಾಪಸು ಬರಲಿಲ್ಲ.